ಅಪ್‌ಡೇಟ್: ಕಪ್ಪು-ಬಿಳುಪಿನಿಂದ ಬಣ್ಣಕ್ಕೆ, ಈಗ ನಿಧಾನವಾಗಿ

ಬೀದರ್‌ನ ಮಹಮೂದ್ ಗವಾನ್ ಮದರಸಾದ ಶಾಟ್ ಕಪ್ಪು-ಬಿಳುಪಿನಿಂದ ನಿಧಾನವಾಗಿ ಬಣ್ಣಕ್ಕೆ ತಿರುಗಬೇಕು, ಆದರೆ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ಒಮ್ಮೆಲೇ ಜಿಗಿಯುತ್ತಿದೆ ಎಂದು ಕೇಳಿದ್ದೆ ಅಲ್ವಾ? ಕೆಲಸ ಆಯ್ತು. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಕಾರಣ ಕೀಫ್ರೇಮ್‌ನ ಬಗೆ (ಯಾವ ಫ್ರೇಮ್‌ನಲ್ಲಿ ಸೆಟ್ಟಿಂಗ್ ಎಷ್ಟಿರಬೇಕು ಎಂದು ಹೇಳುವ ಗುರುತೇ ಕೀಫ್ರೇಮ್). ಕಲರ್ ಪೇಜ್‌ನಲ್ಲಿ ಸ್ಟ್ಯಾಟಿಕ್ ಕೀಫ್ರೇಮ್ ಇಟ್ಟರೆ ಆ ಫ್ರೇಮ್ ಬಂದ ಕೂಡಲೇ ಬಣ್ಣ ತಟ್ಟನೆ ಬದಲಾಗುತ್ತದೆ. ಡೈನಾಮಿಕ್ ಇಟ್ಟರೆ ಎರಡು ಕೀಫ್ರೇಮ್‌ಗಳ ನಡುವಿನ ಪ್ರತಿ ಫ್ರೇಮ್‌ಗೂ ಸಾಫ್ಟ್‌ವೇರೇ ಲೆಕ್ಕ ಹಾಕುತ್ತದೆ. ನನಗೆ ಬೇಕಿದ್ದದ್ದು ಇದೇ. ಮೊದಲನೆಯದರಲ್ಲಿ ಸ್ಯಾಚುರೇಶನ್ (ಬಣ್ಣದ ಗಾಢತೆ) 0, ಎರಡನೆಯದರಲ್ಲಿ 50. ರಿಸಾಲ್ವ್‌ನಲ್ಲಿ ಮೂಲ ಬಣ್ಣ ಅಂದರೆ 50, 100 ಅಲ್ಲ. ಹೊಸಬರು ಇದನ್ನು ನೆನಪಿಡಿ.

ಎಷ್ಟು ಹೊತ್ತು ಅನ್ನೋದೂ ಮುಖ್ಯ. ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೋದಲ್ಲಿ ಒಂದೇ ಸೆಕೆಂಡ್ ಕೊಟ್ಟರೆ ತೀರಾ ಅವಸರ ಅನಿಸುತ್ತದೆ. ನಾನು 4 ಸೆಕೆಂಡ್ ಕೊಟ್ಟೆ, ಅಂದರೆ 100 ಫ್ರೇಮ್. ಕಟ್ಟಡ 1472ರದ್ದು. ಗೋಡೆಯ ಬಣ್ಣದ ಟೈಲ್ಸ್ ಈಗ ಅಲ್ಲಲ್ಲಿ ಮಾತ್ರ ಉಳಿದಿವೆ. ಆ ನೀಲಿ ಮೆಲ್ಲಗೆ ಮೂಡುವುದನ್ನು ನೋಡುವವರು ಗಮನಿಸಲೇಬೇಕು, ಅದಕ್ಕೇ ಇಷ್ಟು ಹಠ ಹಿಡಿದೆ.

ಕೆಡೆನ್‌ಲೈವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಬಳಸುವವರೂ ಇದನ್ನು ಮಾಡಬಹುದು. ಅಲ್ಲಿ ಡಿಸ್ಕ್ರೀಟ್ (ತಟ್ಟನೆ ಬದಲಾಗುವ ಬಗೆ) ಬಿಟ್ಟು ಲೀನಿಯರ್ ಅಥವಾ ಸ್ಮೂತ್ ಕೀಫ್ರೇಮ್ ಆರಿಸಿ.