ಹಳೆಯ ಜಾವಾ ಕೋಡ್‌ನಿಂದ ಡಯಾಗ್ರಾಮ್ ತೆಗೆಯೋದು ಹೇಗೆ?

ಪ್ರಶ್ನೆ (ಬದಿಯಡ್ಕ): ಇಲ್ಲಿನ ಒಂದು ಸೊಸೈಟಿಯ ಅಡಿಕೆ ಖರೀದಿ ಲೆಕ್ಕದ ಸಾಫ್ಟ್‌ವೇರ್ ನನ್ನ ಕೈಗೆ ಬಂದಿದೆ, ಬರೆದವರು ಗಲ್ಫ್‌ನಲ್ಲಿದ್ದಾರೆ, ಡಾಕ್ಯುಮೆಂಟ್ ಒಂದೂ ಇಲ್ಲ. ಕೋಡ್‌ನಿಂದಲೇ ಕ್ಲಾಸ್ ಡಯಾಗ್ರಾಮ್ (ಕೋಡ್‌ನ ಯಾವ ಕ್ಲಾಸ್‌ಗೆ ಯಾವುದರ ಜೊತೆ ಸಂಬಂಧ ಅಂತ ತೋರಿಸುವ ಚಿತ್ರ) ಸಿಗುತ್ತದಾ?

ಉತ್ತರ (ಕುಂಬಳೆ): ಸಿಗುತ್ತದೆ. ಕೋಡ್ ಓದಿ ಡಾಕ್ಯುಮೆಂಟ್ ಮಾಡುವ ಡಾಕ್ಸಿಜನ್ ಜೊತೆ ಚಿತ್ರ ಬಿಡಿಸುವ ಗ್ರಾಫ್‌ವಿಜ್ ಹಾಕಿ. ಆದರೆ ಇಡೀ ಪ್ರಾಜೆಕ್ಟ್ ಒಂದೇ ಸಲ ಕೊಡಬೇಡಿ, ಬರೀ ಗೆರೆಗಳ ಗೋಜಲು ಬರುತ್ತದೆ. ಮೊದಲು ಜೆಡೆಪ್ಸ್ (jdeps) ಅನ್ನೋ ಟೂಲ್ ಓಡಿಸಿ. ಜಾವಾ 8ರಿಂದ ಅದು ಜೆಡಿಕೆಯಲ್ಲೇ (ಜಾವಾ ಪ್ರೋಗ್ರಾಂ ಬರೆಯುವವರ ಕಿಟ್) ಇದೆ, ಯಾವ ಪ್ಯಾಕೇಜ್‌ಗೆ (ಕ್ಲಾಸ್‌ಗಳ ಗುಂಪಿಗೆ) ಯಾವುದು ಬೇಕು ಅಂತ ತೋರಿಸುತ್ತದೆ.

ಉತ್ತರ (ಹೊಸೂರು): ಯಾವುದು ಯಾವುದನ್ನು ಯಾವ ಕ್ರಮದಲ್ಲಿ ಕರೆಯುತ್ತದೆ ಅಂತ ತೋರಿಸುವ ಸೀಕ್ವೆನ್ಸ್ ಡಯಾಗ್ರಾಮ್ ಬೇಕಾದರೆ ಅಷ್ಟು ಸಾಲದು. ಇಂಟರ್‌ಫೇಸ್ (ಏನು ಮಾಡಬೇಕು ಅಂತ ಮಾತ್ರ ಹೇಳುವ ಭಾಗ) ಹಿಂದೆ ಕೆಲಸ ಮಾಡುವ ಕ್ಲಾಸ್ ಯಾವುದು ಅಂತ ಎಷ್ಟೋ ಸಲ ಪ್ರೋಗ್ರಾಂ ಓಡುವಾಗಲೇ ಗೊತ್ತಾಗೋದು, ಅಲ್ವಾ? ಒಂದು ಖರೀದಿ ಬಿಲ್ ಹಾಕಿ ಟ್ರೇಸ್ (ಓಡುವಾಗ ನಡೆದ ಕರೆಗಳ ದಾಖಲೆ) ತೆಗೆಯಿರಿ, ಮುಖ್ಯ ಕರೆಗಳನ್ನಷ್ಟೇ ಪ್ಲಾಂಟ್‌ಯುಎಂಎಲ್‌ನಲ್ಲಿ (ಬರೆದ ಸಾಲುಗಳಿಂದ ಡಯಾಗ್ರಾಮ್ ಮಾಡುವ ಟೂಲ್) ಬರೆಯಿರಿ.

ಬದಿಯಡ್ಕ: ಜೆಡೆಪ್ಸ್‌ಗೆ ಸೋರ್ಸ್ ಫೈಲ್ ಕೊಟ್ಟರೆ ಸಾಕಾ?

ಕುಂಬಳೆ: ಇಲ್ಲ, ಕಂಪೈಲ್ ಆದ ಕ್ಲಾಸ್ ಅಥವಾ ಜಾರ್ ಫೈಲ್ ಬೇಕು.