ಅಪ್‌ಡೇಟ್: ಕ್ರೋಶಾ ಬ್ಯಾಗಿಗೆ ಬೆಲೆ ಹಾಕೋದು ಹೇಗೆ ಅಂತ ಕೇಳಿದ್ದೆನಲ್ಲ

ಮೂರು ವಾರದ ಹಿಂದೆ ಕೇಳಿದ್ದೆ: ಹವ್ಯಾಸಕ್ಕೆ ಹೆಣೆಯುತ್ತಿದ್ದ ಕ್ರೋಶಾ ಬ್ಯಾಗುಗಳನ್ನು ಈಗ ಮಾರುತ್ತಿದ್ದೇನೆ, ಆರ್ಡರ್ ಬರುತ್ತಿವೆ, ಆದರೂ ಕೈಯಲ್ಲಿ ದುಡ್ಡು ಉಳಿಯುತ್ತಿಲ್ಲ, ಯಾಕೆ ಅಂತ.

ಕೆಲಸಕ್ಕೆ ಬಂದಿದ್ದು "ಗಡಿಯಾರ ಇಟ್ಟುಕೊಂಡು ಒಂದು ಬ್ಯಾಗ್ ಹೆಣೆದು ನೋಡಿ" ಎಂದವರ ಸಲಹೆ. ನಾನು ಸುಮ್ನೆ ನಾಲ್ಕು ಗಂಟೆ ಅಂದುಕೊಂಡಿದ್ದೆ. ಹಿಡಿದಿದ್ದು 7 ಗಂಟೆ 20 ನಿಮಿಷ! ಹೆಣಿಗೆ 5 ಗಂಟೆಯೊಳಗೇ ಮುಗಿದಿತ್ತು. ಉಳಿದಿದ್ದೆಲ್ಲ ಒಳಗಿನ ಬಟ್ಟೆ ಹೊಲಿಯೋದು, ನೂಲಿನ ತುದಿಗಳನ್ನು ಸೂಜಿಯಲ್ಲಿ ಒಳಕ್ಕೆ ಸೇರಿಸೋದು, ಫೋಟೊ, ಪ್ಯಾಕಿಂಗ್. ಇದ್ಯಾವುದಕ್ಕೂ ನಾನು ಕೂಲಿ ಹಿಡಿದಿರಲೇ ಇಲ್ಲ. ಈಗ ಎಲ್ಲ ಕೂಡಿಸಿ ಬೆಲೆ ಹಾಕಿದ್ದೇನೆ. ಆಮೇಲೆ ಕೇಳಿದ ಆರು ಜನರಲ್ಲಿ ಇಬ್ಬರು ಬೇಡ ಅಂದರು. ನಾಲ್ವರು ಚೌಕಾಸಿ ಇಲ್ಲದೆ ತೆಗೆದುಕೊಂಡರು.

"ಬೆಲೆ ಇಳಿಸಿ, ಜಾಸ್ತಿ ಮಾರಿ" ಅನ್ನೋದು ನನಗೆ ಆಗಲಿಲ್ಲ. ಮೊದಲ ವಾರ ಅದನ್ನೇ ಮಾಡಿದೆ. ಆರ್ಡರ್ ಬಂತು, ಮಣಿಕಟ್ಟು ಹಿಡಿದುಕೊಂಡಿತು. ಇರೋದು ಎರಡೇ ಕೈ ಅಲ್ವಾ?

ಗೊತ್ತೇ ಇರದಿದ್ದ ಇನ್ನೊಂದು ವಿಷಯ: ನೂಲಿನ ಉಂಡೆಯ ಲೇಬಲ್ ಮೇಲೆ ಬಣ್ಣದ ನಂಬರ್ ಜೊತೆಗೆ ಡೈ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ನೂಲಿನ ಕಂತಿನ ಗುರುತು) ಅಂತ ಬೇರೆ ಇರುತ್ತದೆ. ಅದು ಬದಲಾದರೆ ಅದೇ ಬಣ್ಣವೂ ಚೂರು ಬೇರೆ ಕಾಣಬಹುದು. ನನ್ನ ನೀಲಿ ಬ್ಯಾಗಿನ ನಡುವೆ ಗೆರೆ ಎಳೆದ ಹಾಗಾಗಿ ಅರ್ಧಕ್ಕರ್ಧ ಬಿಚ್ಚಬೇಕಾಯಿತು. ಈಗ ಒಂದು ಆರ್ಡರ್‌ಗೆ ಬೇಕಾದ ನೂಲನ್ನೆಲ್ಲ ಒಂದೇ ಲಾಟ್‌ನಲ್ಲಿ ತರುತ್ತೇನೆ, ಒಂದು ಉಂಡೆ ಹೆಚ್ಚಿಗೇ.