ಸ್ಟ್ರಾಟೆಜಿಯೂ ತಂತ್ರ, ಟ್ಯಾಕ್ಟಿಕ್ಸೂ ತಂತ್ರವೇ? ಯುದ್ಧದ ಕಂಪ್ಯೂಟರ್ ಆಟಗಳಿಗೆ ಬೇಕಾದ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ಸ್ಟ್ರಾಟೆಜಿ, ಟ್ಯಾಕ್ಟಿಕ್ಸ್ ಎರಡಕ್ಕೂ ಕನ್ನಡದಲ್ಲಿ ಸಾಮಾನ್ಯವಾಗಿ ‘ತಂತ್ರ’ ಎಂದೇ ಬರೆಯುತ್ತೇವೆ. ಸುದ್ದಿ ಬರಹದಲ್ಲಿ ಇದು ನಡೆಯುತ್ತದೆ. ಆದರೆ ದೊಡ್ಡ ಯುದ್ಧಗಳ ಕಂಪ್ಯೂಟರ್ ಆಟಗಳ ಬಗ್ಗೆ ಬರೆಯಲು ಹೊರಟರೆ ಇದೊಂದು ಪದ ಸಾಲುವುದಿಲ್ಲ. ಆ ಆಟಗಳ ಸೊಗಸೆಲ್ಲ ಇರುವುದೇ ಇವೆರಡರ ನಡುವಿನ ವ್ಯತ್ಯಾಸದಲ್ಲಿ.

2004ರ ‘ರೋಮ್: ಟೋಟಲ್ ವಾರ್’ ಆಟವನ್ನೇ ನೋಡಿ. ಮೊದಲು ಎದುರಿಗಿರುವುದು ದೊಡ್ಡ ನಕ್ಷೆ. ಯಾವ ಪಟ್ಟಣದಲ್ಲಿ ಸೈನಿಕರನ್ನು ಸೇರಿಸಬೇಕು, ಯಾರ ಜೊತೆ ಒಪ್ಪಂದ ಮಾಡಿಕೊಳ್ಳಬೇಕು, ಯಾವ ಗಡಿಯನ್ನು ಸದ್ಯಕ್ಕೆ ಕೈಬಿಡಬಹುದು, ಇದೆಲ್ಲ ಅಲ್ಲಿ ನಿಧಾನವಾಗಿ ನಡೆಯುತ್ತದೆ. ಎರಡು ದಂಡುಗಳು ಎದುರಾದವೋ, ರಣರಂಗ ತೆರೆದುಕೊಳ್ಳುತ್ತದೆ. ಒಂದು ದಂಡಿನಲ್ಲಿ ಹೆಚ್ಚೆಂದರೆ 20 ತುಕಡಿಗಳು. ಈಟಿಯವರನ್ನು ಮುಂದೆ ನಿಲ್ಲಿಸಿ, ಬಿಲ್ಲಿನವರನ್ನು ದಿಬ್ಬಕ್ಕೆ ಹತ್ತಿಸಿ, ಕುದುರೆಪಡೆಯನ್ನು ಬಳಸುದಾರಿಯಲ್ಲಿ ಕಳಿಸಿ ಶತ್ರುವಿನ ಬೆನ್ನಿಗೆ ಬೀಳಬೇಕು. ಇಲ್ಲಿ ಗೆದ್ದರೂ ನಕ್ಷೆಯ ಮೇಲೆ ಸೋಲಬಹುದು. ಅಷ್ಟು ಜನರನ್ನು ಕಳೆದುಕೊಂಡು ಗೆದ್ದ ದಂಡಿಗೆ ಮುಂದಿನ ಕೋಟೆಗೆ ಮುತ್ತಿಗೆ ಹಾಕುವ ಶಕ್ತಿಯೇ ಉಳಿದಿರುವುದಿಲ್ಲ. ಈ ಎರಡು ಕೆಲಸಗಳನ್ನೂ ‘ತಂತ್ರ’ ಎಂದರೆ ಓದುವವರಿಗೆ ಏನು ತಿಳಿಯುತ್ತದೆ?

ಪ್ರಷ್ಯದ ಸೇನಾಧಿಕಾರಿ ಕ್ಲೌಸ್‌ವಿಟ್ಸ್ ಮಾಡಿದ ವಿಂಗಡಣೆ ಇದನ್ನು ಚೆನ್ನಾಗಿ ಹಿಡಿಯುತ್ತದೆ. ಕಾಳಗದಲ್ಲಿ ಪಡೆಗಳನ್ನು ಬಳಸುವ ಬಗೆ ಟ್ಯಾಕ್ಟಿಕ್ಸ್. ಯುದ್ಧದ ಗುರಿ ಮುಟ್ಟಲು ಕಾಳಗಗಳನ್ನೇ ಬಳಸುವ ಬಗೆ ಸ್ಟ್ರಾಟೆಜಿ. ಕಾಳಗ ಬೇರೆ, ಯುದ್ಧ ಬೇರೆ ಎನ್ನುವುದು ಕನ್ನಡದಲ್ಲಿ ಆಗಲೇ ಇದೆ ಅಲ್ವಾ? ಹಾಗಾಗಿ ಇನ್ನೆರಡು ಪದ ಹುಡುಕುವುದು ಕಷ್ಟವಾಗಬಾರದು.

ಪತ್ರಿಕೆಗಳಲ್ಲಿ ಸ್ಟ್ರಾಟೆಜಿಕ್ ಎನ್ನುವುದಕ್ಕೆ ‘ವ್ಯೂಹಾತ್ಮಕ’ ಎಂದು ಬರುತ್ತದೆ. ಇದು ನನಗೆ ತಲೆಕೆಳಗಾಗಿ ಕಾಣುತ್ತದೆ. ಗರುಡವ್ಯೂಹ, ಚಕ್ರವ್ಯೂಹ ಎಂದರೆ ಆ ದಿನದ ಕಾಳಗಕ್ಕೆ ಸೈನ್ಯ ನಿಂತ ಆಕಾರ. ಟ್ಯಾಕ್ಟಿಕ್ಸ್ ಎನ್ನುವುದರ ಗ್ರೀಕ್ ಮೂಲಕ್ಕೂ ‘ಜೋಡಿಸುವುದು, ಅಣಿಗೊಳಿಸುವುದು’ ಎಂಬ ಅರ್ಥವೇ ಇದೆ. ಸ್ಟ್ರಾಟೆಜಿ ಬಂದಿರುವುದು ದಂಡನಾಯಕ ಎಂಬ ಅರ್ಥದ ಪದದಿಂದ. ಅಂದರೆ ‘ವ್ಯೂಹ’ ಸೇರಬೇಕಾದ್ದು ಟ್ಯಾಕ್ಟಿಕ್ಸ್ ಕಡೆಗೆ.

ನನ್ನ ಸಲಹೆ ಇದು. ದೊಡ್ಡದಕ್ಕೆ ‘ರಣನೀತಿ’. ಸೈನ್ಯ ನಿಲ್ಲಿಸುವ ಬಗೆಗೆ ‘ವ್ಯೂಹ’. ಕಾಳಗದ ನಡುವೆ ಹೂಡುವ ಒಂದೊಂದು ಚಲನೆಗೆ ‘ಪಟ್ಟು’. ಕುದುರೆಪಡೆ ಓಡಿಹೋದಂತೆ ನಟಿಸಿ ತಿರುಗಿ ಬೀಳುವುದು ಒಂದು ಪಟ್ಟು. ಮಾತಿನಲ್ಲಿ ಇದು ಸಲೀಸಾಗಿ ಬರುತ್ತದೆ. ‘ಹಂಚಿಕೆ’ ಎನ್ನುವ ಪದವನ್ನೂ ತೂಗಿ ನೋಡಿದೆ. ‘ಹಂಚಿಕೆ ಹಾಕು’ ಒಳ್ಳೆಯ ಮಾತು. ಆದರೆ ಈ ಆಟಗಳಲ್ಲಿ ಹಣ, ಧಾನ್ಯ, ಮರ, ಕಲ್ಲುಗಳನ್ನು ಹಂಚುವ ಕೆಲಸವೇ ಜಾಸ್ತಿ. ಅಲ್ಲಿ ಎರಡು ಹಂಚಿಕೆಗಳು ಒಂದಕ್ಕೊಂದು ಅಡ್ಡ ಬರುತ್ತವೆ.

ಸೈನ್ಯದ ಅಳತೆಗೆ ಬಂದರೆ ನಮ್ಮ ಬಳಿ ಇರುವುದು ಕಡಿಮೆಯೇನಲ್ಲ. ಹಳೆಯ ಲೆಕ್ಕದಲ್ಲಿ ಒಂದು ‘ಪತ್ತಿ’ ಎಂದರೆ 1 ರಥ, 1 ಆನೆ, 3 ಕುದುರೆ, 5 ಕಾಲಾಳು. ಅದರ ಮೂರರಷ್ಟು ಸೇನಾಮುಖ. ಹೀಗೇ ಮೂರು ಮೂರು ಪಟ್ಟು ಏರುತ್ತಾ ಗುಲ್ಮ, ಗಣ, ವಾಹಿನಿ, ಪೃತನಾ, ಚಮೂ, ಅನೀಕಿನಿ. ಹತ್ತು ಅನೀಕಿನಿ ಸೇರಿದರೆ ಅಕ್ಷೌಹಿಣಿ: 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಎಷ್ಟು ಅಚ್ಚುಕಟ್ಟು! ಎರಡನೆಯ ಮಹಾಯುದ್ಧದ ‘ಹಾರ್ಟ್ಸ್ ಆಫ್ ಐರನ್’ ಆಟದಲ್ಲಿ ಬೆಟಾಲಿಯನ್ನುಗಳನ್ನು ಕೂಡಿಸಿ ಡಿವಿಜನ್ ಕಟ್ಟುವಾಗ ನನಗೆ ಈ ಪಟ್ಟಿಯೇ ನೆನಪಾಗುತ್ತದೆ. ಆದರೂ ಟ್ಯಾಂಕುಗಳ ಗುಂಪಿಗೆ ‘ಪೃತನಾ’ ಎಂದರೆ ಯಾರಿಗೂ ತಿಳಿಯದು. ತುಕಡಿ, ಪಡೆ, ದಂಡು ಎಂಬ ಮೂರು ಮೆಟ್ಟಿಲು ಸಾಕೆಂದು ನನಗನ್ನಿಸುತ್ತದೆ.

ಒಬ್ಬರಾದ ಮೇಲೆ ಒಬ್ಬರು ನಡೆ ಇಡುವ ಸಿವಿಲೈಸೇಶನ್ ಥರದ ಆಟಕ್ಕೆ ‘ಸರದಿ ಆಟ’ ಎನ್ನಬಹುದು. ಅದರಲ್ಲಿ ತಕರಾರಿಲ್ಲ. ಸರದಿಯಿಲ್ಲದೆ ಎಲ್ಲರೂ ಒಟ್ಟಿಗೇ ಆಡುವ ರಿಯಲ್ ಟೈಮ್‌ಗೆ ‘ನೈಜ ಸಮಯ’ ಎನ್ನುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಓಡುವ ಸಮಯ ನೈಜವೇ ಅಲ್ಲ. ‘ಯೂರೋಪಾ ಯೂನಿವರ್ಸಾಲಿಸ್’ ಆಟದಲ್ಲಿ ದಿನಗಳು ಕಣ್ಣೆದುರೇ ಓಡುತ್ತವೆ, ಬೇಕೆಂದಾಗ ನಿಲ್ಲಿಸಲೂಬಹುದು. ನಿಮ್ಮ ಸರದಿ ಬರಲಿ ಎಂದು ಗಡಿಯಾರ ಕಾಯುವುದಿಲ್ಲ ಎನ್ನುವುದಷ್ಟೇ ಅಲ್ಲಿ ಮುಖ್ಯ. ‘ಎಡೆಬಿಡದ ಆಟ’ ಎಂದರೆ ಆ ಗುಣ ಬರುತ್ತದೆ.

ನಮ್ಮವರ ಕಣ್ಣಿಗೆ ಬೀಳದ ಜಾಗವನ್ನು ಆಟ ಮರೆಮಾಡುವುದಕ್ಕೆ ಫಾಗ್ ಆಫ್ ವಾರ್ ಎನ್ನುತ್ತಾರೆ. ಅದನ್ನು ‘ಯುದ್ಧದ ಮಂಜು’ ಮಾಡಿದರೆ ಬೇರೆ ತೊಂದರೆ. ಟೋಟಲ್ ವಾರ್ ಆಟಗಳಲ್ಲಿ ನಿಜವಾದ ಮಂಜೂ ಇದೆ, ಹವಾಮಾನವಾಗಿ. ಇನ್ನು 1999ರ ‘ಏಜ್ ಆಫ್ ಎಂಪೈರ್ಸ್ 2’ರಲ್ಲಿ ಕಾಣದಿರುವುದಕ್ಕೇ ಎರಡು ಬಗೆ. ಇನ್ನೂ ಕಾಲಿಡದ ಜಾಗ ಪೂರಾ ಕಪ್ಪು. ಒಮ್ಮೆ ನೋಡಿ ಬಂದ ಜಾಗದಲ್ಲಿ ನೆಲ ಕಾಣುತ್ತದೆ, ಈಗ ಅಲ್ಲಿ ಶತ್ರು ಓಡಾಡುತ್ತಿದ್ದರೆ ಕಾಣುವುದಿಲ್ಲ. ಮೊದಲನೆಯದಕ್ಕೆ ‘ಕತ್ತಲು’, ಎರಡನೆಯದಕ್ಕೆ ‘ಮುಸುಕು’ ಎಂದು ಬಳಸುತ್ತಿದ್ದೇನೆ. ‘ಬೇಹಿನವರು ಹೋದರೆ ಮುಸುಕು ಸರಿಯುತ್ತದೆ’ ಎಂದು ಬರೆದರೆ ಆಟ ಆಡದವರಿಗೂ ತಿಳಿಯುತ್ತದೆ.

ದಂಡು ದೂರ ಹೋದಂತೆ ಅನ್ನ, ಮದ್ದುಗುಂಡು ಸಾಲದೆ ತಾನಾಗಿ ಕರಗುವುದುಂಟು. ಆ ಅಟ್ರಿಶನ್ ಎಂಬುದಕ್ಕೆ ‘ಸವಕಳಿ’ ಸರಿಯಾಗಿ ಕೂರುತ್ತದೆ. ಲೆಕ್ಕಪತ್ರದವರು ಯಂತ್ರಗಳ ಬೆಲೆ ಇಳಿಯುವುದಕ್ಕೆ ಇದೇ ಪದ ಬಳಸುತ್ತಾರೆ. ಅದರಿಂದ ಇಲ್ಲಿ ಗೊಂದಲವೇನೂ ಆಗದು.

ಉಳಿದಿರುವುದು ಗ್ರ್ಯಾಂಡ್ ಸ್ಟ್ರಾಟೆಜಿ. ಯುದ್ಧದ ಜೊತೆಗೆ ಬೊಕ್ಕಸ, ಮದುವೆ ಸಂಬಂಧ, ವ್ಯಾಪಾರ, ಒಳಜಗಳ ಎಲ್ಲವನ್ನೂ ನಡೆಸುವ ಆಟಗಳಿವು. ರಾಜನು ಬೇರೆ ರಾಜ್ಯಗಳೊಡನೆ ನಡೆದುಕೊಳ್ಳಲು ಕೌಟಿಲ್ಯ ಹೇಳುವ ಸಂಧಿ (ಒಪ್ಪಂದ), ವಿಗ್ರಹ (ಹಗೆ), ಆಸನ, ಯಾನ (ದಂಡೆತ್ತಿ ಹೊರಡುವುದು), ಸಂಶ್ರಯ (ಇನ್ನೊಬ್ಬರ ಆಸರೆ), ದ್ವೈಧೀಭಾವ (ಒಬ್ಬರೊಡನೆ ಸಂಧಿ, ಇನ್ನೊಬ್ಬರೊಡನೆ ಹಗೆ) ಆರೂ ಇವುಗಳಲ್ಲಿವೆ. ಯುದ್ಧ ಹೂಡದೆ ಸುಮ್ನೆ ಕಾದು ಕೂರುವ ‘ಆಸನ’ವೂ ಇಲ್ಲಿ ಒಂದು ನಡೆಯೇ. ‘ಮಹಾ ರಣನೀತಿ’ ಎಂದರೆ ಯುದ್ಧವಷ್ಟೇ ಕಾಣುತ್ತದೆ. ‘ರಾಜನೀತಿ’ ಎಂದರೆ ಇಂದಿನ ರಾಜಕೀಯ ಅನ್ನಿಸುತ್ತದೆ. ರಾಜ್ಯವಾಳುವ ವಿದ್ಯೆಗೆ ‘ದಂಡನೀತಿ’ ಎಂಬ ಹಳೆಯ ಹೆಸರಿದೆ, ಅದರಲ್ಲಿ ‘ದಂಡು’ ಕೂಡ ಕೇಳಿಸುತ್ತದೆ. ನನಗೆ ಇದು ಬಹಳ ಇಷ್ಟ. ಆದರೆ ಇಂದಿನ ಓದುಗರಿಗೆ ದಂಡ ಎಂದರೆ ಶಿಕ್ಷೆ, ಜುಲ್ಮಾನೆ. ‘ದಂಡನೀತಿ ಆಟ’ ಎಂದು ಓದಿದಾಗ ನಿಮ್ಮ ಮನಸ್ಸಿಗೆ ಮೊದಲು ಬರುವುದು ಯಾವುದು, ರಾಜ್ಯವೋ ಶಿಕ್ಷೆಯೋ?